ಮಹಡಿ ಹತ್ತದ ವೈಫೈ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸರ್, ನಮ್ದು ಪುತ್ತೂರು ಹತ್ರ ಹಳೇ ಕೆಂಪುಕಲ್ಲಿನ ಮನೆ, ಈಚೆಗೆ ಮೇಲೆ ಎರಡು ರೂಮ್ ಕಟ್ಸಿದ್ವಿ. ಫೈಬರ್ ಬಾಕ್ಸು ಕೆಳಗೆ ಹಾಲ್‌ನಲ್ಲಿದೆ, ಮಗಳು ಮೇಲೆ ಕೂತು ಆಫೀಸ್ ಕೆಲ್ಸ ಮಾಡ್ತಾಳೆ, ಅಲ್ಲಿ ಸಿಗ್ನಲ್ ಒಂದು ಕಡ್ಡಿ ಅಷ್ಟೆ. ಟೆಲಿಫೋನ್ ಲೈನಲ್ಲಿ ಬ್ರಾಡ್‌ಬ್ಯಾಂಡ್ ಬರ್ತಿದ್ದ ಕಾಲದ ಒಂದು ರೂಟರ್ ಇತ್ತು, ಕೆಳಗಿಂದ ಕೇಬಲ್ ಎಳೆದು ಅದನ್ನ ಮೇಲೆ ಇಟ್ವಿ. ವೈಫೈ ಹೆಸ್ರು ಬರುತ್ತೆ, ನೆಟ್ ಬರಲ್ಲ, ಸಾಲದ್ದಕ್ಕೆ ಆಗಾಗ ಕೆಳಗಿನ ಟಿವಿಗೂ ನೆಟ್ ಹೋಗ್ಬಿಡುತ್ತೆ. ಅಂಗಡಿಯವ್ರು ರಿಪೀಟರ್ ತಗೊಳ್ಳಿ ಅಂತಿದಾರೆ, ತಗೊಳ್ಲಾ?

ಉತ್ತರ: ಬೇಡ, ದುಡ್ಡು ಇಟ್ಕೊಳ್ಳಿ. ಕೇಬಲ್ ಎಳೆಯೋದೇ ದೊಡ್ಡ ಕೆಲ್ಸ, ಅದನ್ನ ಆಗ್ಲೇ ಮುಗಿಸಿದೀರ. ರಿಪೀಟರ್ ಗಾಳಿಯಲ್ಲಿ ಬಂದ ಸಿಗ್ನಲ್ಲನ್ನೇ ಹಿಡಿದು ಮತ್ತೆ ಗಾಳಿಗೆ ಬಿಡುತ್ತೆ, ಕಮ್ಮಿ ರೇಟಿಂದು ಅದೇ ರೇಡಿಯೋದಲ್ಲಿ ಎರಡೂ ಕೆಲ್ಸ ಮಾಡ್ಬೇಕಾಗಿರೋದ್ರಿಂದ ಸ್ಪೀಡು ಹೆಚ್ಚುಕಮ್ಮಿ ಅರ್ಧ ಆಗುತ್ತೆ, ಅದೂ ಕೆಂಪುಕಲ್ಲಿನ ದಪ್ಪ ಗೋಡೆ, ಮಧ್ಯೆ ಕಾಂಕ್ರೀಟ್ ಸ್ಲ್ಯಾಬು ಇದ್ದಾಗ ಅದಕ್ಕೆ ಸಿಗೋದೇ ಅರೆಬರೆ.

ನಿಮ್ಮಲ್ಲಿ ಆಗಿರೋದು ಇಷ್ಟು. ಫೋನೋ ಟಿವಿಯೋ ನೆಟ್‌ವರ್ಕ್‌ಗೆ ಬಂದ ತಕ್ಷಣ 'ನಂಗೊಂದು ಅಡ್ರೆಸ್ ಕೊಡ್ರಪ್ಪಾ' ಅಂತ ಕೂಗುತ್ತೆ, ಅಡ್ರೆಸ್ ಕೊಡೋ ಕೆಲ್ಸಕ್ಕೆ ಡಿಹೆಚ್‌ಸಿಪಿ ಅಂತಾರೆ. ಫೈಬರ್ ಬಾಕ್ಸೂ ಕೊಡುತ್ತೆ, ಹಳೇ ರೂಟರೂ ಕೊಡುತ್ತೆ, ಯಾವ್ದು ಮೊದ್ಲು ಉತ್ತರ ಕೊಡ್ತೋ ಅದರ ಮಾತೇ ಮಾತು. ಹಳೇದು ಗೆದ್ರೆ 'ಇಂಟರ್ನೆಟ್‌ಗೆ ನನ್ನ ಮೂಲಕ ಹೋಗು' ಅನ್ನುತ್ತೆ, ಅದ್ಕೋ ಲೈನೇ ಇಲ್ಲ. ಅದ್ಕೇ ಕೆಳಗಿನ ಟಿವಿನೂ ಸುಮ್ನಾಗ್ತಿರೋದು. ಮೇಲಾಗಿ ಎರಡಕ್ಕೂ ಕಂಪನಿಯಿಂದ ಬಂದ 192.168.1.1 ಅನ್ನೋ ಒಂದೇ ಅಡ್ರೆಸ್ ಇರೋ ಸಾಧ್ಯತೆ ಜಾಸ್ತಿ.

ಹಾಗಾಗಿ ಕೆಳಗಿಂದ ಬಂದ ಕೇಬಲ್ ಬಿಚ್ಚಿ, ಹಳೇ ರೂಟರ್‌ಗೆ ಲ್ಯಾಪ್‌ಟಾಪ್ ಒಂದನ್ನೇ ವೈರಲ್ಲಿ ಸಿಕ್ಸಿ, ಬ್ರೌಸರಲ್ಲಿ ಅದರ ಅಡ್ರೆಸ್ ಟೈಪ್ ಮಾಡಿ ಒಳಗೆ ಹೋಗಿ (ಪಾಸ್‌ವರ್ಡ್ ಸಾಮಾನ್ಯವಾಗಿ ಅಡಿಯ ಸ್ಟಿಕರಲ್ಲೇ ಇರುತ್ತೆ, ಇಲ್ದಿದ್ರೆ ಪಿನ್ನಿಂದ ರೀಸೆಟ್ ಒತ್ತಿ). ವೈಫೈ ಹೆಸ್ರು, ಪಾಸ್‌ವರ್ಡ್ ಎರಡನ್ನೂ ಕೆಳಗಿನದಕ್ಕೆ ಇರೋ ಹಾಗೇ ಇಡಿ, ಆಗ ಫೋನು ಮೆಟ್ಟಿಲು ಹತ್ತಿದಾಗ ತಾನೇ ಬದಲಾಯಿಸ್ಕೊಳ್ಳುತ್ತೆ. ಆಮೇಲೆ ಲ್ಯಾನ್ (ಅಂದ್ರೆ ಮನೆಯೊಳಗಿನ ನೆಟ್‌ವರ್ಕ್) ಸೆಟ್ಟಿಂಗಲ್ಲಿ ಅಡ್ರೆಸ್ಸನ್ನ 192.168.1.250 ಥರ ಏನಾದ್ರೂ ಮಾಡಿ, ಆದ್ರೆ ಫೈಬರ್ ಬಾಕ್ಸು ಹಂಚೋ ನಂಬರ್‌ಗಳ ಒಳಗೆ ಅದು ಬರ್ಬಾರ್ದು, ಬಂದ್ರೆ ಬಾಕ್ಸಲ್ಲಿ ಹಂಚೋ ಪಟ್ಟಿನ 200ಕ್ಕೆ ನಿಲ್ಸಿ. ಹೊಸ ಅಡ್ರೆಸ್ಸಲ್ಲಿ ಮತ್ತೆ ಒಳಗೆ ಹೋಗಿ ಕೊನೇದಾಗಿ ಡಿಹೆಚ್‌ಸಿಪಿ ಆಫ್ ಮಾಡಿ ಸೇವ್ ಕೊಡಿ. ಈಗ ಕೆಳಗಿನ ಕೇಬಲ್ಲನ್ನ ಲ್ಯಾನ್ ತೂತಿಗೇ ಹಾಕಿ. ಹೊಸ ಥರದ ರೂಟರ್ ಇರೋರಿಗೆ ಹೊರಗಿನ ಇಂಟರ್ನೆಟ್ ಲೈನಿಗೆ ಅಂತ ಬೇರೆ ಬಣ್ಣದ ವ್ಯಾನ್ ತೂತು ಒಂದಿರುತ್ತೆ, ಈ ವಿಧಾನದಲ್ಲಿ ಅದು ಖಾಲಿ ಇರ್ಲಿ; ಅಕ್ಸೆಸ್ ಪಾಯಿಂಟ್ ಮೋಡ್ ಅಂತ ಬಟನ್ ಇದ್ರೆ ಈ ತಾಪತ್ರಯನೇ ಇಲ್ಲ, ಅದೇ ಎಲ್ಲ ಮಾಡ್ಕೊಳ್ಳುತ್ತೆ.

ಹಳೇ ಡಬ್ಬದ ಪೋರ್ಟು ಬಹುಶಃ 100 ಎಂಬಿಪಿಎಸ್ ದಾಟಲ್ಲ, ವಿಡಿಯೋ ಮೀಟಿಂಗಿಗೆ ಅಷ್ಟು ಧಾರಾಳ.

ಇನ್ನೊಂದು, ನಿಮ್ಮ ಕಡೆ ಮಳೆಗಾಲದ ಮುಂಚಿನ ಸಿಡಿಲು ಗೊತ್ತೇ ಇದೆ. ಫೈಬರ್ ಎಳೆ ಗಾಜಿಂದು, ಕರೆಂಟ್ ಹರಿಯಲ್ಲ, ಆದ್ರೆ ನೀವು ಎಳೆದಿರೋ ಕೇಬಲ್ ತಾಮ್ರದ್ದು, ಅದು ಗೋಡೆ ಹೊರಗಿಂದ ಹೋಗಿದ್ರೆ ಗುಡುಗು ಶುರುವಾಗೋ ಮುಂಚೆನೇ ಎರಡೂ ತುದಿ ಬಿಚ್ಚಿಡಿ.

ಪ್ರಶ್ನೆ: ಬೆಂಗಳೂರಲ್ಲಿ ಫ್ಲಾಟು, 300 ಎಂಬಿಪಿಎಸ್ ಪ್ಲಾನು, ಫೋನಲ್ಲಿ 40 ದಾಟಲ್ಲ. ಕಂಪನಿಯವ್ರು ಮೋಸ ಮಾಡ್ತಿದಾರಾ?

ಉತ್ತರ: ಬೈಯೋ ಮುಂಚೆ ಲ್ಯಾಪ್‌ಟಾಪಿಗೆ ವೈರ್ ಹಾಕಿ ಸ್ಪೀಡ್ ನೋಡಿ. ಅಲ್ಲಿ 300 ಬಂದ್ರೆ ಲೈನ್ ಸರಿಯಿದೆ, ಫೋನು ವೈಫೈಯ 2.4 ಗಿಗಾಹರ್ಟ್ಸ್ ಬ್ಯಾಂಡಲ್ಲಿ ಕೂತಿರ್ಬೇಕು. ಅಪಾರ್ಟ್‌ಮೆಂಟಲ್ಲಿ ಎಲ್ಲರ ರೂಟರೂ ಅಲ್ಲೇ ಕಿರುಚ್ತಿರುತ್ತೆ, ಒಂದಕ್ಕೊಂದು ತಾಗದ ಚಾನೆಲ್ಲು ಇರೋದೇ 1, 6, 11 ಅಂತ ಮೂರು. 5 ಗಿಗಾಹರ್ಟ್ಸ್‌ಗೆ ಹೋಗಿ, ಗೋಡೆ ದಾಟೋ ಶಕ್ತಿ ಕಮ್ಮಿ ಆದ್ರೂ ಅದೇ ರೂಮಲ್ಲಿ ಸ್ಪೀಡ್ ಚೆನ್ನಾಗಿರುತ್ತೆ. ವೈರಲ್ಲೂ 90ರ ಆಸುಪಾಸಲ್ಲೇ ನಿಂತ್ರೆ ಕೇಬಲ್ ಬದಲಿಸಿ ನೋಡಿ, ಒಳಗಿನ ಎಂಟು ಎಳೆಯಲ್ಲಿ ಒಂದು ಕಟ್ಟಾದ್ರೂ ಗಿಗಾಬಿಟ್ (1000 ಎಂಬಿಪಿಎಸ್) ಹೋಗಿ 100ಕ್ಕೆ ಇಳೀಬಹುದು. ರೂಟರನ್ನ ಕಬ್ಬಿಣದ ಬೀರು ಹಿಂದೆ ಇಟ್ಟಿದ್ರೆ ಮೊದ್ಲು ಅಲ್ಲಿಂದ ತೆಗೀರಿ!

ಪ್ರಶ್ನೆ: ಇನ್ವರ್ಟರ್ ಇಲ್ಲ. ಕರೆಂಟ್ ಹೋದ್ರೂ ನೆಟ್ ಇರ್ಬೇಕು ಅಂದ್ರೆ?

ಉತ್ತರ: ರೂಟರ್ ಯುಪಿಎಸ್ ಅಂತ ಸಣ್ಣ ಡಬ್ಬಿ ಸಿಗುತ್ತೆ. ತರೋ ಮುಂಚೆ ಅಡಾಪ್ಟರ್ ಮೇಲೆ ಬರೆದಿರೋ ವೋಲ್ಟು, ಆಂಪಿಯರ್ ನೋಡಿ, ತುಂಬಾ ರೂಟರ್ 12 ವೋಲ್ಟು, ಕೆಲವು 9. ಫೈಬರ್ ಬಾಕ್ಸು ಬೇರೆ, ರೂಟರ್ ಬೇರೆ ಇದ್ರೆ ಎರಡಕ್ಕೂ ಕರೆಂಟ್ ಬೇಕು, ರೂಟರಿಗೆ ಮಾತ್ರ ಕೊಟ್ರೆ ವೈಫೈ ತೋರ್ಸುತ್ತೆ, ನೆಟ್ ಇರಲ್ಲ.