ಗರ್ಭಕಂಠದ ಕ್ಯಾನ್ಸರ್ ಲಸಿಕೆಗೆ ಹೆಸರಾದ ಇಯಾನ್ ಫ್ರೇಜರ್ ಚರ್ಮದ ಕ್ಯಾನ್ಸರ್ ಬಗ್ಗೆಯೂ ಸಂಶೋಧನೆ ಮಾಡಿದ್ದೇಕೆ?

ಎರಡಕ್ಕೂ ಕೊಂಡಿ ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆ. ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಎಂಬ ವೈರಸ್. ಇದು ಚರ್ಮ ಮತ್ತು ಒಳಪೊರೆಗಳ ಜೀವಕೋಶಗಳಲ್ಲೇ ಬೆಳೆಯುತ್ತದೆ. ಇದರಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಲೈಂಗಿಕ ಸಂಪರ್ಕದಿಂದ ಹರಡುವ 16 ಮತ್ತು 18ನೇ ಬಗೆಗಳೇ ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ. 70ಕ್ಕೆ ಕಾರಣ.

ಈ ವೈರಸ್ಸನ್ನು ಪ್ರಯೋಗಾಲಯದಲ್ಲಿ ಬೆಳೆಸುವುದೇ ಕಷ್ಟ. ಹಾಗಾಗಿ 1991ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಫ್ರೇಜರ್ ಮತ್ತು ಚೀನಾ ಮೂಲದ ಜಿಯಾನ್ ಝೌ ಅದರ ಹೊರಕವಚದ ಪ್ರೋಟೀನನ್ನು ಮಾತ್ರ ತಯಾರಿಸಿದರು. ಆ ಪ್ರೋಟೀನು ತಾನಾಗಿ ಜೋಡಣೆಗೊಂಡು ವೈರಸ್ಸಿನ ಟೊಳ್ಳು ಚಿಪ್ಪಿನಂತಾಯಿತು. ಒಳಗೆ ಡಿಎನ್‌ಎ ಇಲ್ಲ, ಆದ್ದರಿಂದ ಸೋಂಕು ತಗಲುವುದಿಲ್ಲ. ಆದರೂ ದೇಹ ಅದನ್ನು ಗುರುತಿಸಿ ಪ್ರತಿಕಾಯ (ವೈರಸ್ಸನ್ನು ತಡೆಯುವ ಪ್ರೋಟೀನ್) ತಯಾರಿಸುತ್ತದೆ. ಅಮೆರಿಕದ ಪ್ರಯೋಗಾಲಯಗಳ ಪಾಲೂ ಇದರಲ್ಲಿ ದೊಡ್ಡದು. 2006ರಲ್ಲಿ ಲಸಿಕೆಗೆ ಅನುಮತಿ ಸಿಕ್ಕಿತು. ಝೌ 1999ರಲ್ಲೇ ತೀರಿಕೊಂಡಿದ್ದರು. ಅವರ ಹೆಸರನ್ನು ಬಿಟ್ಟು ಈ ಕಥೆ ಹೇಳುವುದು ಅನ್ಯಾಯ ಎಂದೇ ನನ್ನ ಭಾವನೆ.

ಚರ್ಮದ ಕ್ಯಾನ್ಸರ್‌ಗೆ ಮುಖ್ಯ ಕಾರಣ ಬಿಸಿಲಿನ ನೇರಳಾತೀತ ಕಿರಣ. ಆದರೆ ಅಂಗಾಂಗ ಕಸಿಯಾಗಿ, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವವರಲ್ಲಿ ಸ್ಕ್ವಾಮಸ್ ಕೋಶದ (ಚರ್ಮದ ಮೇಲ್ಪದರದ ಚಪ್ಪಟೆ ಕೋಶಗಳ) ಚರ್ಮದ ಕ್ಯಾನ್ಸರ್ ಬಹಳ ಹೆಚ್ಚು. ಅಂದರೆ ಇಲ್ಲೂ ಕಾವಲು ಕಾಯುವುದು ರೋಗನಿರೋಧಕ ವ್ಯವಸ್ಥೆಯೇ. ಚರ್ಮದಲ್ಲಿ ಆ ಕಾವಲು ಯಾಕೆ ಸಡಿಲವಾಗುತ್ತದೆ ಎಂಬುದೇ ಫ್ರೇಜರ್ ಬೆನ್ನುಹತ್ತಿದ ಪ್ರಶ್ನೆ.

ಒಂದು ಮಾತು: ಈಗಿರುವ ಎಚ್‌ಪಿವಿ ಲಸಿಕೆ ಸೋಂಕು ತಡೆಯುತ್ತದೆ, ಆಗಲೇ ತಗಲಿದ ಸೋಂಕನ್ನು ವಾಸಿಮಾಡುವುದಿಲ್ಲ.