ಸಂಪಾದಕರ ಉತ್ತರ: ಲಾವೋಸ್ ಗದ್ದೆಗಳಲ್ಲಿ ಉಳಿದ ಬಾಂಬುಗಳು

ಕಳೆದ ಸಂಚಿಕೆಯ ಲಾವೋಸ್ ಪ್ರವಾಸ ಲೇಖನದಲ್ಲಿ 'ಗುರುತಿನ ದಾರಿ ಬಿಟ್ಟು ಇಳಿಯಬೇಡಿ' ಎಂಬ ಎಚ್ಚರಿಕೆಯನ್ನು ಓದಿದ ಸಿದ್ದಾಪುರದ ಓದುಗರೊಬ್ಬರು ಹೀಗೆ ಬರೆದಿದ್ದಾರೆ: "ಬಾಂಬ್ ದಾಳಿ ನಿಂತದ್ದು 1973ರಲ್ಲಿ. ನಮ್ಮ ಕಡೆ ಮಳೆಗೆ ಬಿದ್ದ ಕಬ್ಬಿಣ ನಾಲ್ಕು ವರ್ಷಕ್ಕೆ ತುಕ್ಕು ಹಿಡಿದು ಉದುರುತ್ತದೆ. ಅಲ್ಲಿ ಐವತ್ತು ವರ್ಷದ ಬಾಂಬು ಇನ್ನೂ ಸಿಡಿಯುತ್ತದೆ ಎಂದರೆ ಹೇಗೆ? ಹಾಕಿದವರೇ ಬಂದು ತೆಗೆಯಬಾರದೇ? ನನಗೆ ಯುದ್ಧದ ಕಥೆಗಳ ಹುಚ್ಚು. ಇದನ್ನು ಓದಿದ ಮೇಲೆ ಆ ಹುಚ್ಚೇ ತಪ್ಪೇನೋ ಅನಿಸುತ್ತಿದೆ. ಚಳಿಗಾಲದಲ್ಲಿ ಮಗಳ ಜೊತೆ ಅಲ್ಲಿಗೆ ಹೋಗುವ ಯೋಚನೆಯಿದೆ. ಹೋಗಬಹುದೇ?"

ಹೋಗಬಹುದು. ಆ ವಿವರ ಕೊನೆಗೆ. ಮೊದಲು ತುಕ್ಕಿನ ಪ್ರಶ್ನೆ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ.

ವಿಯೆಟ್ನಾಂ ಯುದ್ಧದ ಹೊತ್ತಿನಲ್ಲಿ, 1964ರಿಂದ 1973ರವರೆಗೆ, ಅಮೆರಿಕದ ವಿಮಾನಗಳು ಲಾವೋಸ್ ಮೇಲೆ ಸುಮಾರು 5,80,000 ಬಾರಿ ದಾಳಿ ನಡೆಸಿ 20 ಲಕ್ಷ ಟನ್ನಿಗೂ ಹೆಚ್ಚು ಮದ್ದುಗುಂಡು ಸುರಿದವು. ಅದರಲ್ಲಿ ಕ್ಲಸ್ಟರ್ ಬಾಂಬಿನ ಮರಿಗಳೇ ಸುಮಾರು 27 ಕೋಟಿ. ಲಾವೋ ಜನ ಅವನ್ನು 'ಬಾಂಬಿ' ಎನ್ನುತ್ತಾರೆ. ಹೆಚ್ಚು ಬಳಕೆಯಾದ ಬಿಎಲ್‌ಯು-26 ಬಾಂಬಿ ಟೆನಿಸ್ ಚೆಂಡಿನಷ್ಟು ದೊಡ್ಡದು, ತೂಕ ಅರ್ಧ ಕಿಲೋಗಿಂತ ತುಸು ಕಡಿಮೆ. ಲೋಹದ ಕವಚದಲ್ಲಿ ಸುಮಾರು 300 ಉಕ್ಕಿನ ಗುಂಡುಗಳು ಹುದುಗಿರುತ್ತವೆ. ಇಂಥ ಆರುನೂರಕ್ಕೂ ಹೆಚ್ಚು ಬಾಂಬಿಗಳು ಒಂದೇ ಉದ್ದನೆಯ ಪೆಟ್ಟಿಗೆಯಲ್ಲಿ ತುಂಬಿರುತ್ತಿದ್ದವು. ಪೆಟ್ಟಿಗೆ ಗಾಳಿಯಲ್ಲೇ ಬಾಯ್ತೆರೆದು ಅಷ್ಟನ್ನೂ ಚೆಲ್ಲುತ್ತಿತ್ತು.

ಬಾಂಬಿಯ ಮೈಮೇಲೆ ಸಣ್ಣ ಏಣುಗಳಿರುತ್ತವೆ. ಬೀಳುವಾಗ ಗಾಳಿ ಅವಕ್ಕೆ ತಗುಲಿ ಬಾಂಬಿ ಗಿರಗಿರನೆ ತಿರುಗುತ್ತದೆ. ಆ ತಿರುಗುವಿಕೆಯ ಬಲಕ್ಕೆ ಒಳಗಿನ ಪುಟ್ಟ ತೂಕಗಳು ಹೊರಕ್ಕೆ ಸರಿದು ಫ್ಯೂಜಿನ (ಸ್ಫೋಟಕಕ್ಕೆ ಕಿಡಿ ಕೊಡುವ ಭಾಗ) ಬೀಗ ಕಳಚುತ್ತದೆ. ಆಮೇಲೆ ನೆಲಕ್ಕೆ ಬಡಿದರೆ ಸ್ಪ್ರಿಂಗು ಬಿಗಿದ ಮೊಳೆ ಹೊಡೆದು ಸಿಡಿಯಬೇಕು. ತೀರಾ ಕೆಳಗಿನಿಂದ ಹಾಕಿದರೆ ಬೇಕಾದಷ್ಟು ತಿರುಗಲು ಹೊತ್ತು ಸಿಗುವುದಿಲ್ಲ. ಮರದ ಕೊಂಬೆಗೆ ತಾಗಿದರೆ ವೇಗ ಕುಂದುತ್ತದೆ. ಕೆಸರುಗದ್ದೆಗೆ ಬಿದ್ದರೆ ಬಡಿತ ಸಾಲುವುದಿಲ್ಲ. ಹೀಗೆ ನೂರಕ್ಕೆ ಮೂವತ್ತರವರೆಗೂ ಸಿಡಿಯದೆ ಉಳಿದವು, ಅಂದರೆ ಸುಮಾರು ಎಂಟು ಕೋಟಿ. ಇವುಗಳಲ್ಲಿ ಅನೇಕವು ಬೀಗ ಪೂರ್ತಿ ಕಳಚಿ, ಹೊಡೆಯುವ ಮೊಳೆ ಮಾತ್ರ ಎಲ್ಲೋ ಸಿಕ್ಕಿಕೊಂಡು ನಿಂತಂಥವು.

ಒಳಗಿನ ಸ್ಫೋಟಕ ಟಿಎನ್‌ಟಿ ಮತ್ತು ಆರ್‌ಡಿಎಕ್ಸ್‌ನ ಮಿಶ್ರಣ. ಇವು ನೀರಿನಲ್ಲಿ ಕರಗುವುದು ಬಹಳ ಕಡಿಮೆ. ದಶಕಗಟ್ಟಲೆ ಮಣ್ಣಿನಲ್ಲಿದ್ದರೂ ಕೆಡುವುದಿಲ್ಲ. ತುಕ್ಕು ಕೆಲಸ ಮಾಡುವುದು ಫ್ಯೂಜಿನ ಸಣ್ಣ ಭಾಗಗಳ ಮೇಲೆ. ಮೊಳೆಯನ್ನು ತಡೆದು ನಿಲ್ಲಿಸಿದ ಚೂರು ಸವೆದರೆ ಸ್ಪ್ರಿಂಗಿಗೆ ಅಡ್ಡಿಯೇ ಇಲ್ಲ. ಹಾಗಾಗಿ ವರ್ಷ ಕಳೆದಷ್ಟೂ ಬಾಂಬು ಸಾಯುತ್ತದೆ ಎಂಬ ನಂಬಿಕೆಯ ಮೇಲೆ ಯಾರೂ ಕೈ ಇಡುವಂತಿಲ್ಲ.

ಸಿಡಿಯುವುದಕ್ಕೆ ಕಾರಣಗಳು ದಿನದ ಕೆಲಸದಲ್ಲೇ ಇವೆ. ಗುದ್ದಲಿ ಏಟು ಒಂದು. ಇನ್ನೊಂದು ನಿಮ್ಮ ಮಲೆನಾಡಿನವರಿಗೆ ಬೇಗ ಅರ್ಥವಾಗುವಂಥದ್ದು: ಅಲ್ಲಿನ ಗುಡ್ಡಗಳಲ್ಲಿ ಇಂದಿಗೂ ಕುಮರಿ ಬೇಸಾಯವಿದೆ. ಕಡಿದ ಕಾಡಿಗೆ ಬೆಂಕಿ ಕೊಟ್ಟಾಗ ಮೇಲ್ಮಣ್ಣಿನಲ್ಲಿದ್ದ ಬಾಂಬಿ ಕಾದು ಸಿಡಿಯುತ್ತದೆ. ಅಂಗಳದಲ್ಲಿ ಅಡುಗೆಗೆ ಅಥವಾ ಚಳಿ ಕಾಯಿಸಲು ಹಾಕಿದ ಬೆಂಕಿಯ ಅಡಿಯಲ್ಲೂ ಹೀಗೇ ಆಗಿದೆ.  ಮಕ್ಕಳು ಚೆಂಡೆಂದು ಎತ್ತಿಕೊಳ್ಳುತ್ತಾರೆ. ಗುಜರಿ ಬೆಲೆ ಏರಿದ ವರ್ಷಗಳಲ್ಲಿ ಬಡಜನ ಅಗ್ಗದ ಲೋಹಶೋಧಕ ಹಿಡಿದು ಗುಜರಿಗಾಗಿ ಅಗೆಯುತ್ತಾರೆ. 1964ರಿಂದ ಈಚೆಗೆ ಸತ್ತವರು, ಗಾಯಗೊಂಡವರು ಸೇರಿ 50,000 ದಾಟಿದ್ದಾರೆ. ಅವರಲ್ಲಿ ಸುಮಾರು 20,000 ಮಂದಿ ಯುದ್ಧ ಮುಗಿದ ಮೇಲಿನವರು. ಕಾಲು ಕಳೆದುಕೊಂಡ ಮಗು ಬೆಳೆಯುವ ತನಕ ಹೆಚ್ಚುಕಡಿಮೆ ಆರು ತಿಂಗಳಿಗೊಮ್ಮೆ ಹೊಸ ಕೃತಕ ಕಾಲು ಬೇಕು. ದೊಡ್ಡವರಿಗೆ ಎರಡು ವರ್ಷಕ್ಕೊಮ್ಮೆ. ರಾಜಧಾನಿ ವಿಯೆಂಟಿಯಾನ್‌ನ ಕೋಪ್ ಕೇಂದ್ರ ಈ ಕೆಲಸ ಮಾಡುತ್ತಿದೆ. ಹೋದಾಗ ದಯವಿಟ್ಟು ಅಲ್ಲಿಗೂ ಹೋಗಿ ಬನ್ನಿ.

ತೆಗೆಯುವುದು ಹೇಗೆ? ಮೊದಲು ಊರಿನವರನ್ನು ಕೂರಿಸಿಕೊಂಡು ಕೇಳುತ್ತಾರೆ: ಎಲ್ಲಿ ಸಿಕ್ಕಿತ್ತು, ಎಲ್ಲಿ ಸಿಡಿಯಿತು, ದನ ಎಲ್ಲಿ ಸತ್ತಿತು. ಅಮೆರಿಕದ ದಾಳಿ ದಾಖಲೆಗಳನ್ನೂ ನಕ್ಷೆಯ ಮೇಲಿಟ್ಟು ನೋಡುತ್ತಾರೆ, ಆದರೆ ವಿಮಾನ ಬರೆದಿಟ್ಟ ಜಾಗಕ್ಕೂ ಬಾಂಬು ಬಿದ್ದ ಜಾಗಕ್ಕೂ ಎಷ್ಟೋ ಅಂತರವಿರುತ್ತದೆ. ಆಮೇಲೆ ಒಂದು ಚದರ ಕಿಲೋಮೀಟರನ್ನು 50 ಮೀಟರ್ ಅಗಲ, 50 ಮೀಟರ್ ಉದ್ದದ 400 ಚೌಕಗಳಾಗಿ ಒಡೆದು ಒಂದೊಂದನ್ನೇ ಶೋಧಿಸುತ್ತಾರೆ. ಬಾಂಬಿ ಸಿಕ್ಕ ಚೌಕ ನಕ್ಷೆಯಲ್ಲಿ ಕೆಂಪು. ಕೆಂಪು ಚೌಕಗಳು ಎಲ್ಲಿ ಒತ್ತಾಗಿವೆಯೋ ಅಲ್ಲಿ ಸುತ್ತ ಗೆರೆ ಎಳೆದು ಅಪಾಯದ ಪ್ರದೇಶವೆಂದು ಗುರುತಿಸುತ್ತಾರೆ.

ನಿಜವಾದ ತಾಳ್ಮೆ ಬೇಕಾದ್ದು ಇಲ್ಲಿಂದ ಮುಂದೆ. ಗಿಡಗಂಟಿ ಕಡಿದು, ಹಗ್ಗ ಕಟ್ಟಿ ಕಿರಿದಾದ ಪಟ್ಟಿಗಳನ್ನು ಮಾಡಿಕೊಂಡು, ಕೆಲಸಗಾರರು (ಇವರಲ್ಲಿ ಹೆಂಗಸರು ಬಹಳ) ಶೋಧಕ ಆಡಿಸುತ್ತ ಅಡಿಯಡಿಯಾಗಿ ಸರಿಯುತ್ತಾರೆ. ಸದ್ದು ಬಂದರೆ ಗುರುತಿಟ್ಟು, ಮೇಲಿನಿಂದಲ್ಲ, ಪಕ್ಕದಿಂದ ಸಣ್ಣ ಕರಣೆಯಲ್ಲಿ ಮಣ್ಣು ಬಿಡಿಸಬೇಕು. ಮೇಲಿನಿಂದ ಒತ್ತಿದರೆ ಆ ಬಲ ನೇರವಾಗಿ ಬಾಂಬಿಯ ಮೇಲೆ ಬೀಳುತ್ತದೆ. ಹೆಚ್ಚಿನ ಸಲ ಸಿಗುವುದು ಸಿಡಿದ ಬಾಂಬಿನ ಚೂರೋ ಮೊಳೆಯೋ. ಹಾಗೆಂದು ಒಂದು ಸದ್ದನ್ನೂ ಬಿಡುವಂತಿಲ್ಲ. ಕೃಷಿಭೂಮಿಯಲ್ಲಿ ಸಾಮಾನ್ಯವಾಗಿ 25 ಸೆಂಟಿಮೀಟರ್ ಆಳದವರೆಗೆ ಶುಚಿ ಮಾಡುತ್ತಾರೆ. ಅಲ್ಲಿ ಮನೆ ಕಟ್ಟಲು ಅಡಿಪಾಯ ತೆಗೆಯಬೇಕೆಂದರೆ ಮತ್ತೆ ಶೋಧನೆ ಆಗಬೇಕು.

ಸಿಕ್ಕಿದ ಬಾಂಬಿಯನ್ನು ಅಲುಗಿಸುವುದಿಲ್ಲ. ಸುತ್ತ ಮರಳಿನ ಚೀಲ ಪೇರಿಸಿ, ಪಕ್ಕದಲ್ಲಿ, ತಾಗದಂತೆ, ಸಣ್ಣ ಸ್ಫೋಟಕ ಇಡುತ್ತಾರೆ. ದಾರಿಗಳಿಗೆಲ್ಲ ಕಾವಲು ನಿಲ್ಲಿಸಿ, ಮೆಗಾಫೋನಿನಲ್ಲಿ ಊರಿಗೆ ಕೂಗಿ ಹೇಳಿ, ದೂರದಿಂದ ತಂತಿಯ ಮೂಲಕ ಸಿಡಿಸುತ್ತಾರೆ. ಮಳೆಗಾಲದಲ್ಲಿ ಕೆಲಸ ಕುಂಟುತ್ತದೆ. ಸರ್ಕಾರಿ ಸಂಸ್ಥೆ ಯುಎಕ್ಸ್‌ಒ ಲಾವೋ 1996ರಲ್ಲಿ ಆರಂಭವಾಯಿತು, ಬಾಂಬು ತೆಗೆಯುವ ಬ್ರಿಟನ್ನಿನ ಸಂಸ್ಥೆ ಮ್ಯಾಗ್ ಅದಕ್ಕೂ ಮೊದಲೇ ಬಂದಿತ್ತು. ಇಷ್ಟು ವರ್ಷ ದುಡಿದರೂ ಶುಚಿಯಾದದ್ದು ಮಲಿನ ಭೂಮಿಯ ಹತ್ತರಲ್ಲಿ ಒಂದು ಪಾಲಿಗೂ ಕಡಿಮೆ ಎಂಬುದೇ ಸಾಮಾನ್ಯ ಅಂದಾಜು.

ಹಾಕಿದವರೇ ತೆಗೆಯಬಾರದೇ ಎಂದು ಕೇಳಿದ್ದೀರಿ. ಈ ಪ್ರಶ್ನೆಯನ್ನು ಅಂತರರಾಷ್ಟ್ರೀಯ ಕಾನೂನು ತಲೆಕೆಳಗು ಮಾಡಿಟ್ಟಿದೆ. ಕ್ಲಸ್ಟರ್ ಬಾಂಬು ನಿಷೇಧಿಸುವ ಒಪ್ಪಂದ 2010ರ ಆಗಸ್ಟ್ 1ರಂದು ಜಾರಿಗೆ ಬಂತು. ಸದಸ್ಯ ದೇಶಗಳ ಮೊದಲ ಸಭೆ ನಡೆದದ್ದು ವಿಯೆಂಟಿಯಾನ್‌ನಲ್ಲೇ. ಅದರ ಪ್ರಕಾರ ಹತ್ತು ವರ್ಷದಲ್ಲಿ ನೆಲ ಶುಚಿ ಮಾಡುವ ಹೊಣೆ ಆ ನೆಲದ ದೇಶದ್ದು. ಹಿಂದೆ ಬಾಂಬು ಹಾಕಿದವರು ನೆರವಾಗಲಿ ಎಂದು ಒತ್ತಾಯದ ಮಾತಿದೆ, ಕಟ್ಟುಪಾಡಿಲ್ಲ. ಅದೂ ಸದಸ್ಯರಾದವರಿಗೆ ಮಾತ್ರ. ಅಮೆರಿಕ ಸಹಿ ಹಾಕಿಲ್ಲ. ಭಾರತವೂ ಹಾಕಿಲ್ಲ. ಪೆಟ್ಟು ತಿಂದ ಲಾವೋಸ್ 2020ರ ಗಡುವು ಮುಟ್ಟಲಾಗದೆ ಹೆಚ್ಚಿನ ಕಾಲಾವಕಾಶಕ್ಕೆ ಅರ್ಜಿ ಹಾಕಬೇಕಾಯಿತು. ಅಮೆರಿಕ ಕೊಡುವುದು ಪರಿಹಾರವಲ್ಲ, ನೆರವು. 2016ರಲ್ಲಿ ಅಧ್ಯಕ್ಷ ಒಬಾಮ ಮೂರು ವರ್ಷಕ್ಕೆ 9 ಕೋಟಿ ಡಾಲರ್ ಘೋಷಿಸಿದರು, ಅದರಿಂದ ದೊಡ್ಡ ಕೆಲಸವಾಯಿತು. ಆದರೆ ನೆರವು ಎಂದ ಮೇಲೆ ಕೊಡುವವರ ಇಷ್ಟ: 2025ರ ಜನವರಿಯಲ್ಲಿ ವಿದೇಶಿ ನೆರವನ್ನು ತಡೆಹಿಡಿದಾಗ ಆ ಹಣದಿಂದ ನಡೆಯುತ್ತಿದ್ದ ತಂಡಗಳು ಗದ್ದೆ ಬಿಟ್ಟು ಬರಬೇಕಾಯಿತು. ಇದನ್ನು ಅನ್ಯಾಯ ಎನ್ನಲು ನಮಗೆ ಹಿಂಜರಿಕೆಯಿಲ್ಲ.

ಈ ಕಥೆಯಲ್ಲಿ ನಮ್ಮ ದೇಶವೂ ಇತ್ತು. 1954ರ ಜಿನೀವಾ ಒಪ್ಪಂದದ ನಂತರ ಲಾವೋಸ್‌ನ ಮೇಲ್ವಿಚಾರಣಾ ಆಯೋಗಕ್ಕೆ ಭಾರತ ಅಧ್ಯಕ್ಷ, ಕೆನಡಾ ಮತ್ತು ಪೋಲೆಂಡ್ ಸದಸ್ಯರು. 1962ರಲ್ಲಿ ಲಾವೋಸ್ ತಟಸ್ಥ ದೇಶವೆಂದು ಒಪ್ಪಿ ಸಹಿ ಹಾಕಿದ ದೇಶಗಳಲ್ಲಿ ಭಾರತವಿತ್ತು, ಅಮೆರಿಕವಿತ್ತು, ಉತ್ತರ ವಿಯೆಟ್ನಾಂ ಕೂಡ ಇತ್ತು. ಕೊನೆಯ ಎರಡೂ ದೇಶಗಳು ಆ ಮಾತನ್ನು ಮುರಿದವು: ಉತ್ತರ ವಿಯೆಟ್ನಾಂ ಲಾವೋಸ್ ಮೂಲಕ ದಕ್ಷಿಣ ವಿಯೆಟ್ನಾಂಗೆ ಹೋಗುವ ಹೋ ಚಿ ಮಿನ್ ದಾರಿಯಲ್ಲಿ ಸೈನ್ಯ ಸಾಗಿಸಿತು, ಅಮೆರಿಕ ಸ್ವಂತ ಜನರಿಗೂ ಹೇಳದೆ ಬಾಂಬು ಹಾಕಿತು, ತನ್ನ ಗುಪ್ತಚರ ಸಂಸ್ಥೆ ಸಿಐಎ ಮೂಲಕ ಗುಡ್ಡಗಾಡಿನ ಹ್ಮಾಂಗ್ ಜನರ ಸೈನ್ಯ ಕಟ್ಟಿತು. 1975ರಲ್ಲಿ ಸೋತ ಮೇಲೆ ಆ ಹ್ಮಾಂಗರಲ್ಲಿ ಸಾವಿರಾರು ಮಂದಿ ಮೆಕಾಂಗ್ ದಾಟಿ ಥಾಯ್ಲೆಂಡಿನ ಶಿಬಿರ ಸೇರಿದರು. ಉಳಿದವರು ಹೊಸ ಕಮ್ಯುನಿಸ್ಟ್ ಸರ್ಕಾರದ ಕಿರುಕುಳ ಅನುಭವಿಸಿದರು. ಒಂದೇ ಕಡೆಯ ಕಣ್ಣೀರು ಬರೆದರೆ ಈ ಇತಿಹಾಸ ಅರ್ಧವಾಗುತ್ತದೆ.

ಯುದ್ಧದ ಕಥೆ ಓದುವುದು ತಪ್ಪಲ್ಲ, ಓದಿ. ಈ ಬಾಂಬ್ ದಾಳಿ ಅಮೆರಿಕದ ಜನರಿಗೆ ಮುಟ್ಟಿದ್ದರಲ್ಲಿ ಕಥೆಗಳ ಪಾಲು ದೊಡ್ಡದು: ಉತ್ತರ ಲಾವೋಸ್‌ನ, ಪುರಾತನ ಕಲ್ಲಿನ ಜಾಡಿಗಳಿರುವ 'ಜಾಡಿಗಳ ಬಯಲಿನಿಂದ' ಓಡಿಬಂದ ರೈತರು ತಾವು ಕಂಡದ್ದನ್ನು ಬರೆದರು, ಚಿತ್ರ ಬಿಡಿಸಿದರು, ಫ್ರೆಡ್ ಬ್ರಾನ್ಫ್‌ಮನ್ ಎಂಬ ಅಮೆರಿಕನ್ ಅವನ್ನು ಕೂಡಿಸಿ, 1971ರಲ್ಲಿ ಸೆನೆಟ್ ಸಮಿತಿಯ ಮುಂದೆ ಸಾಕ್ಷ್ಯ ಹೇಳಿದರು. ಓದುವಾಗ ಒಂದನ್ನು ಗಮನಿಸಿ: ಕದನವಿರಾಮಕ್ಕೆ ಮುಗಿಯುವ ಪುಸ್ತಕಗಳು ಹೆಚ್ಚಾಗಿ ಗುಂಡು ಹಾರಿಸಿದವರವು. ಆ ನೆಲದಲ್ಲಿ ಮುಂದೆ ಉಳುಮೆ ಮಾಡಿದವರ ಬರಹವನ್ನು ಹುಡುಕಿ ಅದರ ಪಕ್ಕದಲ್ಲಿಟ್ಟುಕೊಳ್ಳಿ. ನಮ್ಮ ಪತ್ರಿಕೆಗೆ ಬರುವ ಯುದ್ಧ ಲೇಖನಗಳಲ್ಲೂ ನಾವು ಈ ಎರಡನೆಯ ಭಾಗವನ್ನು ಕೇಳುತ್ತೇವೆ, ಇಲ್ಲದಿದ್ದರೆ ವಾಪಸು ಕಳಿಸುತ್ತೇವೆ.

ಇನ್ನು ನಿಮ್ಮ ಪ್ರಯಾಣ. ಜಾಡಿಗಳ ಬಯಲಿಗೆ ಫೋನ್ಸಾವನ್ ಪಟ್ಟಣದಿಂದ ಹೋಗಬೇಕು. ಪ್ರವಾಸಿಗರು ಹೋಗುವ ತಾಣಗಳಲ್ಲಿ ಮ್ಯಾಗ್ ಹುಗಿದ ಕೆಂಪು-ಬಿಳಿ ಗುರುತುಗಳಿವೆ. ಬಿಳಿ ಬದಿಯಲ್ಲಿ ಮಣ್ಣಿನೊಳಗೂ ಶೋಧಿಸಿದ್ದಾರೆ, ಕೆಂಪು ಬದಿಯಲ್ಲಿ ಕಣ್ಣಿಗೆ ಕಾಣುವುದನ್ನಷ್ಟೇ ತೆಗೆದಿದ್ದಾರೆ. ಬಿಳಿಯ ಕಡೆಯೇ ನಡೆಯಿರಿ, ಫೋಟೋಗೆಂದು ಎರಡು ಹೆಜ್ಜೆಯೂ ಆಚೆ ಬೇಡ. ಮೂತ್ರಕ್ಕೆಂದು ಪೊದೆಯ ಮರೆಗೆ ಹೋಗಬೇಡಿ. ಲೋಹದ ತುಂಡು ಕಂಡರೆ ಮುಟ್ಟದೆ, ಕಲ್ಲು ಎಸೆಯದೆ, ಬಂದ ಹೆಜ್ಜೆಯಲ್ಲೇ ಹಿಂತಿರುಗಿ ಮಾರ್ಗದರ್ಶಿಗೆ ತಿಳಿಸಿ. ಬಾಂಬಿನ ಚೂರುಗಳನ್ನು ನೆನಪಿನ ಕಾಣಿಕೆಯೆಂದು ಮಾರುವವರು ಸಿಗುತ್ತಾರೆ, ಕೊಳ್ಳಬೇಡಿ. ಗಿರಾಕಿ ಇರುವ ತನಕ ಯಾರೋ ಒಬ್ಬರು ಅದಕ್ಕಾಗಿ ಅಗೆಯುತ್ತಿರುತ್ತಾರೆ, ಮತ್ತು ಅಂಥದ್ದನ್ನು ಚೀಲದಲ್ಲಿಟ್ಟುಕೊಂಡರೆ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನಿಮ್ಮನ್ನು ತಡೆಯುತ್ತಾರೆ. ಮಗಳಿಗೆ ಏನಾದರೂ ಕೊಡಿಸಬೇಕೆಂದಿದ್ದರೆ ಅಲ್ಲಿನ ಕೈಮಗ್ಗದ ರೇಷ್ಮೆ ಚೆನ್ನಾಗಿರುತ್ತದೆ.