ಬಿಸಿಲೇರುವ ಮೊದಲೇ ಹಿಮದ ಇಳಿಜಾರು ದಾಟಬೇಕು, ಯಾಕೆ?

ಪ್ರಶ್ನೆ: ಮೇ ಕೊನೆಯ ವಾರ ನಾವು ನಾಲ್ವರು ಗೆಳೆಯರು ಉತ್ತರಾಖಂಡದ ಧೌಲಾದಿಂದ ಹಿಮಾಚಲದ ಸಾಂಗ್ಲಾಕ್ಕೆ ರೂಪಿನ್ ಪಾಸ್ (ಬೆಟ್ಟಸಾಲು ದಾಟುವ ಎತ್ತರದ ದಾರಿ) ದಾಟುವ ಚಾರಣಕ್ಕೆ ಹೊರಟಿದ್ದೇವೆ. ಕುಮಾರ ಪರ್ವತ, ಕುದುರೆಮುಖ ಹತ್ತಿ ಅಭ್ಯಾಸವಿದೆ. ಪಾಸ್ ದಾಟುವ ದಿನ ನಸುಕಿನ ಮೂರಕ್ಕೇ ಹೊರಡಬೇಕು ಅಂತಾರೆ ಗೈಡ್. ಬಿಸಿಲು ಬಂದ ಮೇಲೆ ಹೊರಟರೆ ಚಳಿಯೂ ಇರುವುದಿಲ್ಲ, ಫೋಟೊವೂ ಚೆನ್ನಾಗಿ ಬರುತ್ತದೆ. ಹಿಮಕುಸಿತ ಏನಿದ್ದರೂ ಚಳಿಗಾಲದ್ದಲ್ಲವೇ?
– ಓದುಗರು, ಹುಬ್ಬಳ್ಳಿ

ಉತ್ತರ: ಗೈಡ್ ಮಾತು ಕೇಳಿ. ಚಳಿಗಾಲದ ಕುಸಿತಕ್ಕೆ ಹೆಚ್ಚಾಗಿ ಹೊಸ ಹಿಮದ ಭಾರ, ಗಾಳಿ ತಂದು ಪೇರಿಸಿದ ಹಿಮ ಕಾರಣ. ಏಪ್ರಿಲ್–ಮೇ ತಿಂಗಳಲ್ಲಿ ಆ ಕೆಲಸವನ್ನು ನೀರು ಮಾಡುತ್ತದೆ. ಬಿಸಿಲಿಗೆ ಮೇಲ್ಪದರ ಕರಗಿ, ನೀರು ಒಳಗಿಳಿದು ಹರಳುಗಳ ನಡುವಿನ ಹಿಡಿತ ಬಿಡಿಸುತ್ತದೆ. ಈ ಒದ್ದೆ ಹಿಮ ಒಣ ಹಿಮದಷ್ಟು ವೇಗವಾಗಿ ಬರುವುದಿಲ್ಲ. ಆದರೆ ತುಂಬಾ ಭಾರ, ನಿಂತ ಮೇಲೆ ಕಾಂಕ್ರೀಟಿನಂತೆ ಬಿಗಿದುಕೊಳ್ಳುತ್ತದೆ.

ರಾತ್ರಿ ಆಕಾಶ ಶುಭ್ರವಾಗಿದ್ದರೆ ಹಿಮದ ಶಾಖವೆಲ್ಲ ಮೇಲಕ್ಕೆ ಹೋಗಿ ಪದರ ಮತ್ತೆ ಹೆಪ್ಪುಗಟ್ಟುತ್ತದೆ. ನಸುಕಿನಲ್ಲಿ ನೀವು ನಡೆಯುವುದು ಆ ಗಟ್ಟಿ ಪದರದ ಮೇಲೆ. ಮೋಡ ಕವಿದ ರಾತ್ರಿ ಟೆಂಟಿನಲ್ಲಿ ಬೆಚ್ಚಗೆ ನಿದ್ದೆ ಬರಬಹುದು, ಆದರೆ ಹಿಮ ಹೆಪ್ಪುಗಟ್ಟುವುದಿಲ್ಲ. ನನಗಂತೂ ಅಂಥ ಬೆಚ್ಚನೆ ರಾತ್ರಿಯೇ ಹೆಚ್ಚು ಭಯ. ಹೊರಟ ಕೂಡಲೇ ಬೂಟು ಊರಿ ನೋಡಿ: ಗುರುತೂ ಬೀಳದಿದ್ದರೆ ಒಳ್ಳೆಯದು. ಮೂರು ಗಂಟೆಗೇ ಮೀನಖಂಡದವರೆಗೆ ಹೂತರೆ ಅವತ್ತು ಮೇಲೆ ಹೋಗುವ ಮಾತೇ ಬೇಡ.

ಸುಮಾರು 4,650 ಮೀಟರ್ ಎತ್ತರದ ಈ ಪಾಸ್‌ಗೆ ಕೊನೆಯ ಏರು ಕಡಿದಾದ ಇಕ್ಕಟ್ಟು ಕೊರಕಲು. ಹಿಮ ಹೆಚ್ಚಾಗಿ ಕುಸಿಯುವುದೇ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಎರಡೂ ಬದಿಯಿಂದ ಜಾರಿದ್ದೆಲ್ಲ ಕೊರಕಲಿನಲ್ಲೇ ಬಂದು ಸೇರುವುದರಿಂದ ಸಣ್ಣ ಕುಸಿತವೂ ಆಳಕ್ಕೆ ಹೂಳಬಲ್ಲದು. ಬಿಸಿಲೇರಿದರೆ ಹಿಮದ ಹಿಡಿತ ತಪ್ಪಿ ಕಲ್ಲುಗಳೂ ಉರುಳುತ್ತವೆ. ಅಲ್ಲಿ ಅಂತರ ಬಿಟ್ಟು ಹತ್ತಿ, ಫೋಟೊಗೆಂದು ನಿಲ್ಲಬೇಡಿ, ಬುಡದಲ್ಲಿ ಕೂತು ತಿಂಡಿ ಬಿಚ್ಚಬೇಡಿ. ಬಂಡೆಗಳ ಕೆಳಗಿಂದ ಹಿಮದ ಉಂಡೆಗಳು ತಾವಾಗಿ ಉರುಳತೊಡಗಿದರೆ ಹೊತ್ತು ಮೀರಿದೆ ಎಂದೇ ತಿಳಿಯಿರಿ. ಮೊದಲು ಬಿಸಿಯಾಗುವುದು ಪೂರ್ವಕ್ಕೆ ಮುಖ ಮಾಡಿದ ಇಳಿಜಾರು, ಆಮೇಲೆ ದಕ್ಷಿಣದ್ದು, ಮಧ್ಯಾಹ್ನ ಪಶ್ಚಿಮದ್ದು.

ಮೇ ತಿಂಗಳಲ್ಲೂ ಅಲ್ಲಿ ಹೊಸ ಹಿಮ ಬೀಳುತ್ತದೆ. ಬಿದ್ದ ಮರುದಿನದ ನೀಲಿ ಆಕಾಶ ಎಂಥವರನ್ನೂ ಮರುಳು ಮಾಡುತ್ತದೆ, ಅಪಾಯ ಹೆಚ್ಚಿರುವುದೂ ಅದೇ ದಿನ. ಒಂದು ದಿನ ಕಾಯುವಷ್ಟು ಬಿಡುವು ಇಟ್ಟುಕೊಳ್ಳಿ. ಊರಿಗೆ ಮರಳುವ ಟಿಕೆಟ್ ಚಾರಣ ಮುಗಿದ ಮರುದಿನಕ್ಕೇ ಮಾಡಿಸಿದವರು ಬೆಟ್ಟದ ಮೇಲೆ ಸರಿಯಾಗಿ ಯೋಚಿಸುವುದಿಲ್ಲ. ಇನ್ನು ಪಶ್ಚಿಮ ಘಟ್ಟದ ಅನುಭವ: ಅದು ದಮ್ಮಿಗೆ, ಕಾಲಿಗೆ ಆಗುತ್ತದೆ. ಹಿಮದ ವಿಷಯದಲ್ಲಿ ನೀವು ಹೊಸಬರೇ.

ಪ್ರಶ್ನೆ: 2016ರಲ್ಲಿ ಸಿಯಾಚಿನ್‌ನಲ್ಲಿ ನಮ್ಮ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ದಿನಗಟ್ಟಲೆ ಹಿಮದಡಿ ಜೀವ ಹಿಡಿದಿದ್ದರಲ್ಲ. ಹಾಗಾದರೆ ಹೂತವರನ್ನು ಹುಡುಕಲು ಸಮಯ ಸಿಗುತ್ತದೆಯೇ? ಹೂತವರ ಜಾಗ ಹುಡುಕಲು ಸಂಕೇತ ಕಳಿಸುವ ಬೀಕನ್ ಸಾಧನವನ್ನು ನಾನೊಬ್ಬ ಕೊಂಡರೆ ಸಾಕೇ?
– ಓದುಗರು, ಧಾರವಾಡ

ಉತ್ತರ: ಅದು ತೀರಾ ಅಪರೂಪ. ಅವರ ಸುತ್ತ ಟೆಂಟಿನೊಳಗೆ ಗಾಳಿ ಉಳಿದಿತ್ತೆಂದು ಆಗ ವರದಿಯಾಗಿತ್ತು. ಆದರೂ ಅವರು ಆಸ್ಪತ್ರೆಯಲ್ಲಿ ಉಳಿಯಲಿಲ್ಲ, ಜೊತೆಗಿದ್ದ ಒಂಬತ್ತು ಮಂದಿಯೂ ಹೋದರು. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತೆಗೆದರೆ ಹೆಚ್ಚಿನವರು ಬದುಕುತ್ತಾರೆ. ಅರ್ಧ ಗಂಟೆ ಕಳೆದರೆ ಬದುಕುವವರೇ ಕಡಿಮೆ. ಹೊರಗಿನಿಂದ ರಕ್ಷಣಾ ತಂಡ ಬರುವಷ್ಟರಲ್ಲಿ ಆ ಸಮಯ ಮುಗಿದಿರುತ್ತದೆ, ಅಗೆಯಬೇಕಾದವರು ಜೊತೆಗಿದ್ದವರೇ.

ಒಬ್ಬರ ಬಳಿ ಮಾತ್ರ ಬೀಕನ್ ಇದ್ದರೆ ಉಪಯೋಗವಿಲ್ಲ. 457 ಕಿಲೊಹರ್ಟ್ಸ್‌ನ ಆ ಸಂಕೇತವನ್ನು ಹಿಡಿಯಲು ಇನ್ನೊಬ್ಬರ ಬಳಿಯೂ ಅದು ಬೇಕು, ಚುಚ್ಚಿ ನೋಡುವ ಉದ್ದ ಕಡ್ಡಿ ಮತ್ತು ಲೋಹದ ಸಲಿಕೆಯೂ ಬೇಕು, ಮೂರನ್ನೂ ಬಳಸಿ ಅಭ್ಯಾಸವಿರಬೇಕು. ದುಡ್ಡು ಕಟ್ಟುವ ಮೊದಲು ಚಾರಣ ಸಂಸ್ಥೆಗೆ ಇದನ್ನು ಕೇಳಿ. ಜೊತೆಗೆ, ಎಷ್ಟು ಗಂಟೆಯೊಳಗೆ ಪಾಸ್ ಮುಟ್ಟದಿದ್ದರೆ ತಂಡವನ್ನು ವಾಪಸ್ ಇಳಿಸುತ್ತೀರಿ ಎಂದೂ ಕೇಳಿ. ಥಟ್ಟನೆ ಒಂದು ಸಮಯ ಹೇಳದವರ ಜೊತೆ ಹೋಗಬೇಡಿ.